ಕೇಳಿ ನೋಡಿ: ಟಿಕೆಟಿನ ಸಾಲಲ್ಲಿ ಮಲಗಿದವರು

ಪ್ರಶ್ನೆ: ಅಕ್ಕಾ, ನಮ್ಮ ಮಗಳು ಈ ವರ್ಷ ಅಮೆರಿಕಕ್ಕೆ ಓದಲು ಹೋಗಿದ್ದಾಳೆ. ಮೊನ್ನೆ ಕಾಲೇಜಿನ ಫುಟ್‌ಬಾಲ್ ಮ್ಯಾಚಿಗೆ ಹೋಗಿದ್ದಳಂತೆ. ಟಿಕೆಟು ಫೋನಿಗೇ ಬಂತಂತೆ. ನೀವು ಹಿಂದೊಮ್ಮೆ ಇದೇ ಅಂಕಣದಲ್ಲಿ, ಟೆಕ್ಸಾಸಿನಲ್ಲಿ ಓದುವಾಗ ಟಿಕೆಟಿಗಾಗಿ ರಾತ್ರಿ ಹೊರಗೇ ಮಲಗಿದ್ದೆ ಎಂದು ಒಂದೇ ಸಾಲು ಬರೆದು ಬಿಟ್ಟುಬಿಟ್ಟಿರಿ. ಪೂರ್ತಿ ಹೇಳಬಾರದಾ?
– ಓದುಗರು, ಪೆರ್ಲ

ಉತ್ತರ: ಆ ಒಂದು ಸಾಲಿಗೆ ಇಷ್ಟು ಕಾಗದ ಬರುತ್ತದೆ ಎಂದು ಗೊತ್ತಿದ್ದರೆ ಆವತ್ತೇ ಬರೆದು ಮುಗಿಸುತ್ತಿದ್ದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಅಳತೆ ಕೇಳಿದವರು ಕೂಡ ಕೊನೆಗೆ ‘ಟಿಕೆಟಿನ ಕಥೆ ಎಂತದು?’ ಎಂದು ಸೇರಿಸಿದ್ದಾರೆ. ಅವರಿಗೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆಯ್ತಲ್ಲ, ಈಗ ಟಿಕೆಟಿಗೆ ಬರೋಣ.

ನಾನು ತೋಟಗಾರಿಕೆ ಓದಲು ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಗೆ ಹೋದದ್ದು 1984ರಲ್ಲಿ. ಅದೇ ವರ್ಷ ಮೇ 24ಕ್ಕೆ ಕಾಸರಗೋಡು ಬೇರೆ ಜಿಲ್ಲೆಯಾಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಕಣ್ಣೂರು ಜಿಲ್ಲೆ ಎಂದೇ ಇತ್ತು. ಅಲ್ಲಿನವರಿಗೆ ಎರಡೂ ಒಂದೇ ಬಿಡಿ. ಯೂನಿವರ್ಸಿಟಿ ಇರುವ ಊರಿನ ಹೆಸರೇ ಕಾಲೇಜ್ ಸ್ಟೇಷನ್. ಹೂಸ್ಟನ್ನಿನಿಂದ ಸುಮಾರು 150 ಕಿ.ಮೀ. ದೂರ. ಸುತ್ತ ಹುಲ್ಲುಗಾವಲು, ದನಗಳು, ಹತ್ತಿಯ ಹೊಲ. ಊರೆಂದರೆ ಕಾಲೇಜು, ಕಾಲೇಜೆಂದರೆ ಊರು. ಅಲ್ಲಿನ ಕೈಲ್ ಫೀಲ್ಡ್ ಸ್ಟೇಡಿಯಂ ಆಗಲೇ 70 ಸಾವಿರಕ್ಕೂ ಜಾಸ್ತಿ ಜನ ಹಿಡಿಯುತ್ತಿತ್ತು. ಈಗ ಲಕ್ಷ ದಾಟಿದೆ.

ಆಟದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ನಾವು ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು. ಅದನ್ನು ಕಂಕುಳಲ್ಲಿ ಅವಚಿಕೊಂಡು ಓಡುವುದು, ಇಲ್ಲವೇ ಎಸೆಯುವುದು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೆಲ್ಮೆಟ್ ಹಾಕಿದ ದಾಂಡಿಗರು ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಮತ್ತೆ ಸಾಲಾಗಿ ನಿಂತು, ಮತ್ತೆ ಬೀಳುತ್ತಾರೆ. ಮೊದಲ ಮ್ಯಾಚಿನಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಹುಡುಗ ಪ್ರತಿಯೊಂದನ್ನೂ ವಿವರಿಸಿದ. ಆಗ ಇನ್ನೂ ಗೊಂದಲವಾಯಿತು.

ಟಿಕೆಟಿನ ವ್ಯವಸ್ಥೆ ಹೀಗಿತ್ತು. ವರ್ಷದ ಆರಂಭದಲ್ಲಿ ಫೀಸಿನ ಜೊತೆ ದುಡ್ಡು ಕಟ್ಟಿ ಆಟದ ಪಾಸ್ ತಗೊಳ್ಳಬೇಕು. ಆದರೆ ಪಾಸ್ ಇದ್ದ ಮಾತ್ರಕ್ಕೆ ಕುರ್ಚಿ ಸಿಗುವುದಿಲ್ಲ. ಪ್ರತಿ ಮ್ಯಾಚಿನ ವಾರವೂ ಸ್ಟೇಡಿಯಂ ಪಕ್ಕದ ಕಿಟಕಿಗೆ ಹೋಗಿ, ಪಾಸ್ ತೋರಿಸಿ, ಆ ಮ್ಯಾಚಿನ ಟಿಕೆಟನ್ನು ಎಳೆದುಕೊಂಡು ಬರಬೇಕು. ‘ಎಳೆಯುವುದು’ ಎಂದೇ ಅಲ್ಲಿನ ಮಾತು. ಸೋಮವಾರ ಕೊನೆಯ ವರ್ಷದವರಿಗೆ ಮತ್ತು ನಮ್ಮಂಥ ಪಿಜಿಯವರಿಗೆ. ಮಂಗಳವಾರ ಮೂರನೇ ವರ್ಷ, ಬುಧವಾರ ಎರಡನೇ ವರ್ಷ, ಗುರುವಾರ ಹೊಸಬರಿಗೆ. ಮೈದಾನದ ನಡುಗೆರೆಯ ನೇರಕ್ಕಿರುವ ಜಾಗ ಮೊದಲು ಬಂದವರಿಗೆ. ಹೊಸ ಹುಡುಗರಿಗೆ ಸಿಗುವುದು ಮೂಲೆ. ಅಲ್ಲಿಂದ ನೋಡಿದರೆ ಆಟಗಾರರು ಕಟ್ಟಿರುವೆಗಳಷ್ಟೇ ಕಾಣುತ್ತಾರೆ.

ಸೋಮವಾರ ಬೆಳಿಗ್ಗೆ ಕಿಟಕಿ ತೆರೆಯುವಾಗ ಮುಂದೆ ಇರಬೇಕಾದರೆ ಭಾನುವಾರ ರಾತ್ರಿಯೇ ಹೋಗಿ ಕೂರಬೇಕು. ದೊಡ್ಡ ಮ್ಯಾಚಾದರೆ ಅದಕ್ಕೂ ಮೊದಲೇ ಬಿಡಾರ. ನಮ್ಮ ಲ್ಯಾಬಿನವರು ಪಾಳಿ ಹಾಕಿಕೊಂಡಿದ್ದೆವು. ಒಬ್ಬರು ನಿಂತರೆ ಗೆಳೆಯರ ಪಾಸುಗಳನ್ನೂ ಒಟ್ಟಿಗೆ ಕೊಟ್ಟು ಟಿಕೆಟ್ ತರಬಹುದಿತ್ತು. ಹಾಗಾಗಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬಹುದು. ಕೂರುವುದೆಲ್ಲಿ, ನಿಲ್ಲುವುದು! ಅದನ್ನು ಆಮೇಲೆ ಹೇಳುತ್ತೇನೆ.

ಆ ಸಾಲನ್ನು ನೀವು ನೋಡಬೇಕಿತ್ತು. ಹಾಸ್ಟೆಲಿನಿಂದ ಸೋಫಾವನ್ನೇ ಹೊತ್ತು ತಂದಿರುತ್ತಿದ್ದರು. ಉದ್ದದ ವೈರು ಎಳೆದು ಟಿವಿ ಹಚ್ಚಿದವರೂ ಇದ್ದರು. ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಗಿಟಾರು, ನಡುವೆ ಒಬ್ಬ ಹುಡುಗಿ ದೀಪದ ಕಂಬದ ಬುಡದಲ್ಲಿ ಕೂತು ಕೆಮಿಸ್ಟ್ರಿ ಓದುತ್ತಿದ್ದಳು. ಸಾಲಿನ ಯಜಮಾನಿಕೆಗೆ ಯಾರೋ ಒಬ್ಬ ಸೀನಿಯರ್. ಅವನ ಕೈಯಲ್ಲಿ ಸುರುಳಿ ಬೈಂಡಿನ ಪುಸ್ತಕ. ಅದರಲ್ಲಿ ಬಂದ ಕ್ರಮದಲ್ಲಿ ಹೆಸರು. ನಡುರಾತ್ರಿ ಯಾವಾಗ ಬೇಕಾದರೂ ಎದ್ದು ಹಾಜರಿ ಕೂಗುತ್ತಿದ್ದ. ‘ಹಿಯರ್’ ಎನ್ನದಿದ್ದವರ ಹೆಸರಿಗೆ ಪೆನ್ಸಿಲಿನಲ್ಲಿ ಗೀಟು. ನನ್ನ ಹೆಸರು ಅವನ ನಾಲಗೆಗೆ ಹೊರಳುತ್ತಿರಲಿಲ್ಲ. ‘ಇಂಡಿಯಾ’ ಎಂದು ಕೂಗುತ್ತಿದ್ದ. ನಾನು ಇಡೀ ದೇಶದ ಪರವಾಗಿ ಕೈಯೆತ್ತುತ್ತಿದ್ದೆ.

ಬೆಳಗಿನ ಜಾವ ಗ್ರೀನ್‌ಹೌಸಿಗೆ ಓಡಿ ಸಸಿಗಳಿಗೆ ನೀರು ಕೊಟ್ಟು ಬರುವ ಕೆಲಸ ಒಬ್ಬರಿಗೆ. ಕಾಫಿ ತರುವ ಕೆಲಸ ಇನ್ನೊಬ್ಬರಿಗೆ. ನನ್ನದು ತಿಂಡಿ. ಊರಿಂದ ಬಂದ ಪಾರ್ಸೆಲಿನಲ್ಲಿ ಹಲಸಿನ ಹಪ್ಪಳ ಇರುತ್ತಿತ್ತು. ಕರಿದು ಬಿಸ್ಕೆಟಿನ ಡಬ್ಬಿಗೆ ತುಂಬಿ ಒಯ್ಯುತ್ತಿದ್ದೆ. ದನದ ಫಾರ್ಮಿನಿಂದ ಬಂದ ಒಬ್ಬ ಟೆಕ್ಸಾಸಿನ ಹುಡುಗ ಹಪ್ಪಳ ತಿಂದು, ಇದು ಯಾವ ಹಣ್ಣು, ಎಷ್ಟು ತೂಕ ಎಂದೆಲ್ಲ ಕೇಳಿದ. ಮರದ ಕಾಂಡಕ್ಕೇ ಅಂಟಿಕೊಂಡು ಮೂವತ್ತು ಕಿಲೋದ ಹಣ್ಣು ಬಿಡುತ್ತದೆ ಎಂದೆ. ಟೆಕ್ಸಾಸಿನವರು ತಮ್ಮ ಊರಲ್ಲಿ ಎಲ್ಲವೂ ದೊಡ್ಡದು ಎನ್ನುವವರು. ಅವನು ಡಬ್ಬಿಗೆ ಕೈ ಹಾಕಿದವನು ಹಾಗೇ ನನ್ನ ಮುಖ ನೋಡಿದ. ನಂಬಿದನೋ ಇಲ್ಲವೋ, ಹಪ್ಪಳ ಮಾತ್ರ ಖಾಲಿಯಾಯಿತು.

ಈಗ ನಿಲ್ಲುವ ವಿಷಯ. ಆ ಕಾಲೇಜಿನ ವಿದ್ಯಾರ್ಥಿಗಳು ಮ್ಯಾಚ್ ಮುಗಿಯುವವರೆಗೆ ಕೂರುವುದಿಲ್ಲ. ಅದಕ್ಕೊಂದು ಕಾರಣ ಇದೆ. 1922ರ ಜನವರಿ 2ರಂದು ಡಲ್ಲಾಸಿನಲ್ಲಿ ಸೆಂಟರ್ ಕಾಲೇಜಿನ ಎದುರು ಆಟ. ಎ ಅಂಡ್ ಎಂ ತಂಡದಲ್ಲಿ ಒಬ್ಬೊಬ್ಬರಾಗಿ ಗಾಯಗೊಂಡು ಬದಲಿ ಆಟಗಾರರೇ ಮುಗಿಯುತ್ತ ಬಂದರು. ಕೋಚ್ ಡಾನಾ ಬೈಬಲ್, ಪತ್ರಕರ್ತರ ಜಾಗದಲ್ಲಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೆಳಗೆ ಕರೆಸಿದರು. ಅವನು ಗಾಯಾಳುವಿನ ಬಟ್ಟೆ ಹಾಕಿಕೊಂಡು ಕೊನೆಯವರೆಗೆ ಬದಿಯಲ್ಲಿ ಸಿದ್ಧನಾಗಿ ನಿಂತ. ಆಡುವ ಅವಕಾಶ ಬರಲಿಲ್ಲ. ತಂಡ 22–14ರಲ್ಲಿ ಗೆದ್ದಿತು. ಅಂದಿನಿಂದ ವಿದ್ಯಾರ್ಥಿಗಳೆಲ್ಲ ‘ಹನ್ನೆರಡನೇ ಆಟಗಾರ’. ಕರೆ ಬಂದರೆ ಇಳಿಯಲು ತಯಾರು ಎಂದು ತೋರಿಸಲು ನಿಂತೇ ಇರುತ್ತಾರೆ. ನನ್ನನ್ನು ಕರೆದಿದ್ದರೆ ಎಂತ ಮಾಡುತ್ತಿದ್ದೆನೋ. ಆದರೂ ಸೀರೆಯ ಮೇಲೆ ಸ್ವೆಟರು ಹಾಕಿ ನಿಂತಿದ್ದೇನೆ. ಬೆಂಚಿನ ಮೇಲೆ.

ಇನ್ನೊಂದು ಪದ್ಧತಿ ಉಂಟು, ಹೇಳದಿದ್ದರೆ ಕಥೆ ಅರ್ಧ. ತಂಡ ಅಂಕ ಗಳಿಸಿದಾಗಲೆಲ್ಲ ಜೋಡಿಯಾಗಿ ಬಂದವರು ಮುತ್ತು ಕೊಡುತ್ತಾರೆ. ಸ್ಟೇಡಿಯಂ ತುಂಬ! ಕಾಸರಗೋಡಿನ ಹುಡುಗಿ, 1984. ಆಗೆಲ್ಲ ನಾನು ಸ್ಕೋರ್‌ಬೋರ್ಡನ್ನು ಬಹಳ ಗಮನವಿಟ್ಟು ಓದುತ್ತಿದ್ದೆ.

ನಾನು ನೋಡಿದ ದೊಡ್ಡ ಮ್ಯಾಚ್ 1985ರ ನವೆಂಬರ್ 28ರದ್ದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ. ಎದುರಾಳಿ ಆಸ್ಟಿನ್ನಿನ ಟೆಕ್ಸಾಸ್ ಯೂನಿವರ್ಸಿಟಿ. 1894ರಿಂದ ಬಂದ ಹಗೆ ಅದು. ಗೆದ್ದರೆ ಲೀಗಿನ ಪಟ್ಟ, 1967ರ ನಂತರ ಕೈಗೆ ಸಿಗದ ಪಟ್ಟ. ಆ ಟಿಕೆಟಿಗೆ ಇದ್ದ ಸಾಲು ಕಟ್ಟಡವನ್ನೇ ಸುತ್ತಿ ಬಂದಿತ್ತು. ನವೆಂಬರಿನ ಗಾಳಿ, ಕೆಳಗೆ ತಣ್ಣಗಿನ ಕಾಂಕ್ರೀಟು. ಒಬ್ಬರ ಸ್ಲೀಪಿಂಗ್ ಬ್ಯಾಗಿನಲ್ಲಿ ಪಾಳಿ ಪ್ರಕಾರ ಮಲಗುವುದು. ಕೊನೆಗೂ ಕಿಟಕಿಯೊಳಗಿಂದ ಬಂದ ಟಿಕೆಟಿನ ಮೇಲೆ ಸೆಕ್ಷನ್, ಸಾಲು, ಸೀಟಿನ ನಂಬರು. ಕಿಟಕಿಯ ಹೆಂಗಸು ಪ್ರತಿಯೊಂದನ್ನೂ ಬೆರಳಿನಲ್ಲಿ ತಿಕ್ಕಿ, ಒಂದಕ್ಕೊಂದು ಅಂಟಿಲ್ಲ ಎಂದು ನೋಡಿ ಎಣಿಸಿ ಕೊಟ್ಟಳು. ನಮ್ಮವರು 42–10ರಲ್ಲಿ ಗೆದ್ದರು. ಆ ತಂಡದಲ್ಲಿ ಚೆಂಡು ಎಸೆಯುತ್ತಿದ್ದ ಕೆವಿನ್ ಮರ್ರೆಯ ಮಗ ಕೈಲರ್ ಮರ್ರೆ ಈಗ ಅಪ್ಪನಿಗಿಂತ ದೊಡ್ಡ ಹೆಸರು. ನಿಮ್ಮ ಮಗಳಿಗೆ ಗೊತ್ತಿರಬಹುದು.

ಆದರೆ ಆ ಕಾಲವೇ ಚೆಂದ ಎಂದು ನನ್ನ ಬಾಯಿಂದ ಹೇಳಿಸಬೇಡಿ. ಆ ಸಾಲು ಸಿಕ್ಕುತ್ತಿದ್ದದ್ದು ಪುರುಸೊತ್ತು ಇದ್ದವರಿಗೆ. ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಫೀಸು ಕಟ್ಟುತ್ತಿದ್ದ ಹುಡುಗರಿಗೆ ಕಾಲೇಜು ಮುಗಿಯುವವರೆಗೂ ಮೂಲೆಯೇ ಗತಿ. ನಮ್ಮಂತೆ ಪಾಸ್ ಹಿಡಿದು ನಿಲ್ಲಲು ನಾಲ್ಕು ಗೆಳೆಯರಿದ್ದರೆ ಬಚಾವು, ಇಲ್ಲದಿದ್ದರೆ ಇಲ್ಲ. ನಿಮ್ಮ ಮಗಳಿಗೆ ಟಿಕೆಟು ಫೋನಿಗೆ ಬಂತಲ್ಲ, ಒಳ್ಳೇದೇ ಆಯ್ತು. ಬೇಕಾದರೆ ಇದನ್ನೊಂದು ಕೇಳಿ: ಪಕ್ಕದ ಸೀಟಿನಲ್ಲಿ ಯಾರಿದ್ದರು ಎಂದು. ನನಗೆ ಅಲ್ಲಿನ ಗೆಳೆಯರು ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಆ ಕಾಂಕ್ರೀಟಿನ ಮೇಲೆ.

ಪ್ರಶ್ನೆ: ಹೆಣ್ಣುಮಕ್ಕಳು ರಾತ್ರಿ ಹೀಗೆ ಹೊರಗೆ ಮಲಗಿದ್ದು ಊರಿನ ಮನೆಯಲ್ಲಿ ಗೊತ್ತಿತ್ತಾ?
– ಓದುಗರು, ಕುಂಬಳೆ

ಉತ್ತರ: ಗೊತ್ತಿತ್ತು ಮಾರಾಯ್ರೆ, ನಾನೇ ಬರೆದಿದ್ದೆ. ಆಗ ಫೋನ್ ಎಂದರೆ ದುಬಾರಿ. ನೀಲಿ ಏರೋಗ್ರಾಮಿನ ಅಂಚಿನವರೆಗೂ ಗೀಚಿ ಕಳಿಸುವುದು. ಅಪ್ಪನಿಗೆ ಸಿಟ್ಟು ಬಂದಿರಬೇಕು, ಆದರೆ ಉತ್ತರ ಬರೆದದ್ದು ಅಮ್ಮ. ‘ನಾವು ಬಯಲಾಟಕ್ಕೆ ಬೆಳಗಿನವರೆಗೆ ಚಾಪೆ ಹಾಸಿ ಕೂರುವುದಿಲ್ವಾ, ಹಾಗೇ ಇದು. ಕಿವಿಗೆ ಶಾಲು ಸುತ್ತಿಕೋ’ ಎಂದಿದ್ದರು. ಅಪ್ಪ ಕೊನೆಯಲ್ಲಿ ಒಂದೇ ಗೆರೆ ಸೇರಿಸಿದ್ದರು: ಪರೀಕ್ಷೆ ಯಾವಾಗ?

ನಿಜ ಹೇಳಬೇಕೆಂದರೆ ಆ ಸಾಲಿನಲ್ಲಿ ಹೆಂಗಸರು ಇರುವುದೇ ಆಗ ತೀರಾ ಹಳೆಯ ವಿಷಯವಲ್ಲ. ಅದು ಮೂಲತಃ ಗಂಡುಮಕ್ಕಳ ಮಿಲಿಟರಿ ಶಿಸ್ತಿನ ಕಾಲೇಜು. ಹೆಂಗಸರಿಗೆ ಬಾಗಿಲು ತೆರೆದದ್ದು 1963ರಲ್ಲಿ, ಅದೂ ಮೊದಲು ಅರೆಬರೆ. ನಾನು ಹೋಗುವಾಗ ಸಾಲಿನಲ್ಲಿ ಸಾಕಷ್ಟು ಹುಡುಗಿಯರಿದ್ದರು. ಬೂಟು ಹಾಕಿದ ಕೆಡೆಟ್ ಹುಡುಗರು ಎದುರು ಸಿಕ್ಕಿದರೆ ‘ಹೌಡಿ ಮ್ಯಾಮ್’ ಎಂದು ವಂದಿಸುತ್ತಿದ್ದರು. ಹೆದರಿಕೆ ಆದದ್ದು ಒಂದೇ ವಿಷಯಕ್ಕೆ: ನಿದ್ದೆಯಲ್ಲಿದ್ದಾಗ ಹಾಜರಿ ಕೂಗಿದರೆ?

ಪ್ರಶ್ನೆ: ಕೈಯಲ್ಲಿ ಹಿಡಿದು ಓಡುವುದು ಯಾವ ಸೀಮೆಯ ಫುಟ್‌ಬಾಲ್? ನಮ್ಮ ಸೆವೆನ್ಸ್, ಅಂದರೆ ಏಳೇಳು ಜನ ಆಡುವ ಫುಟ್‌ಬಾಲಿನ ಟಿಕೆಟಿನ ಕಥೆ ಬರೆಯಿರಿ. ನಿಮಗೆ ಅದು ನೆನಪಿಲ್ವಾ?
– ಓದುಗರು, ಮೊಗ್ರಾಲ್

ಉತ್ತರ: ಮೊಗ್ರಾಲಿನಿಂದ ಈ ಪ್ರಶ್ನೆ ಬರದಿದ್ದರೆ ನನಗೇ ಬೇಸರವಾಗುತ್ತಿತ್ತು. ಮಾಪಿಳ್ಳೆ ಹಾಡಿಗೂ ಫುಟ್‌ಬಾಲಿಗೂ ಹೆಸರಾದ ಊರು ನಿಮ್ಮದು.

ನೆನಪಿಲ್ಲದೆ ಏನು. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಹುಣಿಗಳನ್ನು ಕಡಿದು ಸಮ ಮಾಡುತ್ತಿದ್ದರು. ಸುತ್ತ ಮಡಲಿನ ತಟ್ಟಿ ಅಥವಾ ಗೋಣಿಯ ಪರದೆ. ಒಳಗೆ ಅಡಿಕೆ ಮರದ ಕಾಂಡಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿದ ಗ್ಯಾಲರಿ. ಮಧ್ಯಾಹ್ನವೇ ಜೀಪು ಮೈಕ್ ಕಟ್ಟಿಕೊಂಡು ಹೊರಡುತ್ತಿತ್ತು. ಮಲಯಾಳದಲ್ಲಿ ಶುರುವಾದ ಅನೌನ್ಸ್‌ಮೆಂಟು ನಮ್ಮ ಕಡೆ ಬರುವಾಗ ಕನ್ನಡಕ್ಕೆ ತಿರುಗುತ್ತಿತ್ತು, ನಡುವೆ ತುಳುವೂ ಬರುತ್ತಿತ್ತು. ಜೀಪಿನ ಹಿಂದಿನಿಂದ ಬಣ್ಣದ ನೋಟೀಸು ಎಸೆಯುವುದು, ಮಕ್ಕಳು ಧೂಳಿನಲ್ಲಿ ಅದರ ಹಿಂದೆ ಓಡುವುದು. ಟಿಕೆಟು ಎಂದರೆ ತೆಳು ಕಾಗದದ ಚೀಟಿ. ಗ್ಯಾಲರಿಗೆ ಒಂದು ಬಣ್ಣ, ಕುರ್ಚಿಗೆ ಇನ್ನೊಂದು. ಮೇಲೆ ಕ್ಲಬ್ಬಿನ ರಬ್ಬರ್ ಸೀಲು. ಬೆವರಿನ ಅಂಗೈಯಲ್ಲಿ ಹಿಡಿದರೆ ಸೀಲಿನ ನೇರಳೆ ಮಸಿ ಕೈಗೆ ಹತ್ತಿಕೊಳ್ಳುತ್ತಿತ್ತು. ಕೆಲವು ಹುಡುಗರು ಅದನ್ನೇ ತೋರಿಸಿ, ಟಿಕೆಟು ಒಳಗಿರುವ ಅಣ್ಣನ ಹತ್ತಿರ ಇದೆ ಎಂದು ನುಗ್ಗುತ್ತಿದ್ದರು. ಗೇಟಿನವರೇನು ಅಷ್ಟು ಪೆದ್ದರಲ್ಲ. ಆದರೂ ಒಬ್ಬಿಬ್ಬರನ್ನು ಬಿಡುತ್ತಿದ್ದರು.

ದುಡ್ಡಿಲ್ಲದವರಿಗೆ ತೆಂಗಿನಮರ. ಮೇಲೆ ಹತ್ತಿ ಕೂತವನು ಕೆಳಗಿನವರಿಗೆ ಕಾಮೆಂಟರಿ ಕೊಡಬೇಕು, ಅದೇ ಅವನ ಬಾಡಿಗೆ. ಕೊನೆಯ ಹತ್ತು ನಿಮಿಷ ಇರುವಾಗ ಗೇಟು ಬಿಡುತ್ತಿದ್ದರು. ಆಗ ಒಂದು ಪ್ರವಾಹ ಒಳಗೆ! ಹುಡುಗಿಯರಿಗೆ ಗ್ಯಾಲರಿ ಇರಲಿಲ್ಲ. ಟಿಕೆಟು ಕೊಡುವುದಿಲ್ಲ ಎಂದು ಯಾರೂ ಹೇಳಿದ್ದಲ್ಲ, ಕೇಳಿದವರೇ ಇಲ್ಲ. ನಾವು ಮೇಲಿನ ಗುಡ್ಡೆಯ ಗೇರುಮರದ ಬುಡದಿಂದ ನೋಡುತ್ತಿದ್ದೆವು. ಅಲ್ಲಿಂದ ಒಂದು ಗೋಲುಪೋಸ್ಟು ಮಾತ್ರ ಕಾಣುತ್ತಿತ್ತು. ಇನ್ನೊಂದು ಕಡೆಯ ಗೋಲನ್ನು ಬೊಬ್ಬೆಯಿಂದಲೇ ತಿಳಿಯಬೇಕು. ಟೆಕ್ಸಾಸಿನಲ್ಲಿ ನನ್ನ ಹೆಸರಿನಲ್ಲೇ ಟಿಕೆಟು ಸಿಕ್ಕಿದಾಗ ಯಾಕಷ್ಟು ಖುಷಿಯಾಯಿತು ಎಂದು ಈಗ ನಿಮಗೆ ಅಂದಾಜಾಗಬಹುದು.

ಸೆವೆನ್ಸಿಗೆ ದೇಶದ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇಲ್ಲ. ಇಲ್ಲದಿದ್ದರೆ ಬೇಡ. ಆಫ್ರಿಕಾದಿಂದ ಆಟಗಾರರು ಬಂದು ನಮ್ಮ ಮಲಬಾರಿನ ಗದ್ದೆಗಳಲ್ಲಿ ಆಡಿಹೋಗುತ್ತಾರಲ್ಲ, ಮತ್ತೆ ಯಾವ ಮಾನ್ಯತೆ ಬೇಕು? ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದರು. ಮ್ಯಾಚು ಕೊನೆಗೆ ಪೆನಾಲ್ಟಿಯಲ್ಲಿ ಕೋಲ್ಕತ್ತಾದ ಪಾಲಾಯಿತು ಬಿಡಿ. ಆದರೂ ಆ ಗೋಲಿಗೆ ನಮ್ಮ ಮನೆಯಲ್ಲಿ ಎದ್ದ ಬೊಬ್ಬೆಗೆ ಹಟ್ಟಿಯ ದನ ಬೆದರಿತ್ತು.

ಪ್ರಶ್ನೆ: ನಾನು ಕಾಲೇಜು ತಂಡದ ಆಟಗಾರ. ನಮ್ಮ ಮ್ಯಾಚಿಗೆ ಟಿಕೆಟು ಬಿಡಿ, ಫ್ರೀ ಅಂದರೂ ಜನ ಬರುವುದಿಲ್ಲ. ಅಮೆರಿಕದಲ್ಲಿ ಕಾಲೇಜಿನ ಆಟಕ್ಕೆ ಲಕ್ಷ ಜನ ಯಾಕೆ?
– ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಅಲ್ಲಿ ಕಾಲೇಜು ಆಟ ಮೊದಲು, ವೃತ್ತಿಪರ ಆಟ ಆಮೇಲೆ. ಮೊದಲ ಕಾಲೇಜು ಮ್ಯಾಚ್ ಎಂದು ಹೇಳುವುದು 1869ರ ರಟ್ಗರ್ಸ್–ಪ್ರಿನ್ಸ್‌ಟನ್ ಆಟವನ್ನು. ಈಗಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ. ಐವತ್ತು ವರ್ಷ ಕಾಲೇಜಿನ ತಂಡವೇ ಊರಿನ ತಂಡವಾಗಿತ್ತು. ಕಾಲೇಜ್ ಸ್ಟೇಷನ್ನಿನಂಥ ಸಣ್ಣ ಊರುಗಳಿಗೆ ಇಂದಿಗೂ ಬೇರೆ ತಂಡ ಇಲ್ಲ. ಅಪ್ಪ ಓದಿದ ಕಾಲೇಜು, ಅಜ್ಜ ಓದಿದ ಕಾಲೇಜು ಎಂದು ಕುಟುಂಬ ಸಮೇತ ಬರುತ್ತಾರೆ.

ಶುರುವಾದದ್ದು ಮಾತ್ರ ಸಣ್ಣದಾಗಿ. ನಮ್ಮ ಸ್ಟೇಡಿಯಂ ಕೈಲ್ ಫೀಲ್ಡ್ ಎಂದೆನಲ್ಲ, ಆ ಕೈಲ್ ಎಂದರೆ ಯಾರೆಂದುಕೊಂಡಿರಿ? ಎಡ್ವಿನ್ ಕೈಲ್, ನಮ್ಮ ತೋಟಗಾರಿಕೆ ವಿಭಾಗದ ಮೇಷ್ಟ್ರು! 1904ರಲ್ಲಿ ಕೃಷಿಗೆಂದು ಕೊಟ್ಟ ಜಾಗದ ಒಂದು ತುಂಡಿಗೆ ಬೇಲಿ ಹಾಕಿಸಿ ಆಟಕ್ಕೆ ಬಿಟ್ಟರು. ಪಕ್ಕದ ಬ್ರಯಾನ್ ಊರಿನ ಜಾತ್ರೆ ಮೈದಾನದಿಂದ ಹಳೆಯ ಮರದ ಗ್ಯಾಲರಿಯನ್ನು ತಮ್ಮ ಕೈಯಿಂದ ದುಡ್ಡು ಹಾಕಿ ಕೊಂಡು ತಂದರು. ತೋಟದವರು ಮನಸ್ಸು ಮಾಡಿದರೆ ಏನೂ ಆದೀತು ಎನ್ನಲು ನಾನು ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ.

ನಮ್ಮಲ್ಲಿ ಕಾಲೇಜು ಫುಟ್‌ಬಾಲ್ ಸಪ್ಪೆ ಇತ್ತು ಎಂದು ತಿಳಿಯಬೇಡಿ. 1971ರಲ್ಲಿ ವಿಕ್ಟರ್ ಮಂಜಿಲ ನಾಯಕತ್ವದ ಕ್ಯಾಲಿಕಟ್ ಯೂನಿವರ್ಸಿಟಿ ತಂಡ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಟ್ಟ ಗೆದ್ದಿತ್ತು. ಕಾಸರಗೋಡಿನ ಸರ್ಕಾರಿ ಕಾಲೇಜೂ ಆಗ ಅದೇ ಯೂನಿವರ್ಸಿಟಿಗೆ ಸೇರಿತ್ತು. ಕಣ್ಣೂರು ಯೂನಿವರ್ಸಿಟಿ ಬಂದದ್ದು 1996ರಲ್ಲಿ. ಆದರೆ ನಮ್ಮಲ್ಲಿ ಚೆನ್ನಾಗಿ ಆಡಿದವನಿಗೆ ನೌಕರಿ ಸಿಗುತ್ತಿತ್ತು, ಅವನು ಆ ಇಲಾಖೆಯ ತಂಡಕ್ಕೆ ಹೋಗುತ್ತಿದ್ದ. ಜನ ಅವನ ಹಿಂದೆಯೇ ಹೋದರು. ಕೇರಳ ಪೊಲೀಸ್ ತಂಡ 1990ರಲ್ಲಿ ತ್ರಿಶೂರಿನಲ್ಲಿ, 1991ರಲ್ಲಿ ಕಣ್ಣೂರಿನಲ್ಲಿ ಫೆಡರೇಷನ್ ಕಪ್ ಗೆದ್ದಾಗ ಸತ್ಯನ್, ವಿಜಯನ್, ಪಾಪಚ್ಚನ್ ಹೆಸರು ಕೇಳದ ಮನೆ ಇರಲಿಲ್ಲ. ಅವರು ಯಾವ ಕಾಲೇಜು ಎಂದು ಯಾರೂ ಕೇಳಲಿಲ್ಲ.

ನಿಮಗೆ ಒಂದು ಉಪಾಯ: ಮ್ಯಾಚನ್ನು ಸಂಜೆ ನಾಲ್ಕೂವರೆಗೆ ಇಡಿಸಿ. ಬಸ್ಸಿಗೆ ಕಾಯುವವರಾದರೂ ಬರುತ್ತಾರೆ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ನಾವು ಅಕ್ಟೋಬರಿನಲ್ಲಿ ಹೋಗುತ್ತೇವೆ. ಅವನ ಗೆಳೆಯರ ಸ್ಟೂಡೆಂಟ್ ಟಿಕೆಟಿನಲ್ಲಿ ನಾವು ಮ್ಯಾಚ್ ನೋಡಬಹುದಾ?
– ಓದುಗರು, ಮುಳ್ಳೇರಿಯ

ಉತ್ತರ: ಬೇಡ. ಸ್ಟೂಡೆಂಟ್ ಟಿಕೆಟಿಗೆ ಹಲವು ಕಡೆ ಗೇಟಿನಲ್ಲಿ ಐಡಿ ಕಾರ್ಡು ಕೇಳುತ್ತಾರೆ. ದೊಡ್ಡ ಎದುರಾಳಿ ಇಲ್ಲದ ವಾರ ಆರಿಸಿದರೆ ಮಾಮೂಲಿ ಟಿಕೆಟೇ ಅಗ್ಗಕ್ಕೆ ಸಿಗುತ್ತದೆ. ಸಾಮಾನ್ಯವಾಗಿ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮಾತ್ರ ಒಳಗೆ ಬಿಡುತ್ತಾರೆ, ಜಂಬದ ಚೀಲ ಮನೆಯಲ್ಲೇ ಇರಲಿ. ಮಂಡಿನೋವು ಇದ್ದರೆ ಸ್ಟೂಡೆಂಟ್‌ಗಳ ಕಡೆಯ ಸೀಟು ತಗೊಳ್ಳಬೇಡಿ. ಅವರು ನಿಂತರೆ ನಿಮಗೆ ಏನೂ ಕಾಣುವುದಿಲ್ಲ. ಟೆಕ್ಸಾಸ್ ಕಡೆಯಾದರೆ ಅಕ್ಟೋಬರಿನಲ್ಲೂ ಮಧ್ಯಾಹ್ನದ ಬಿಸಿಲು ಜೋರು, ಟೊಪ್ಪಿ ಒಯ್ಯಿರಿ.